ಹದಿನಾಲ್ಕನೇ ಪಾರ್ಕಿಂಗ್ ಲಾಟಿನ ಕೆಳಗೆ

ಮೂರು ದಿನದ ಕೆಲಸ, ನಾಲ್ಕನೇ ದಿನ ಒಂದು ಪುಟದ ವರದಿ, ಕೆಳಗೆ ನನ್ನ ಸಹಿ. ರಾಡಾರ್ ಗಾಡಿಯನ್ನು ಹದಿನಾಲ್ಕನೇ ನಂಬರಿನ ಪಾರ್ಕಿಂಗ್ ಲಾಟಿಗೆ ಇಳಿಸುವಾಗ ನನಗೆ ಹೇಳಿದ್ದು ಇಷ್ಟೇ.

ನಾನು ಆಗ ಅಮೆರಿಕದ ಟೆಕ್ಸಸ್ಸಿನಲ್ಲಿ, ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ಹೆದ್ದಾರಿಯ ಪಕ್ಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಭೂವಿಜ್ಞಾನ ವಿಭಾಗದಲ್ಲಿ ಕೆಲಸಕ್ಕಿದ್ದೆ. ನೆಲ ಅಗೆಯದೆಯೇ ಒಳಗೆ ಏನಿದೆ ಎಂದು ನೋಡುವ ಉಪಕರಣಗಳೆಲ್ಲ ನನ್ನ ಸುಪರ್ದಿಯಲ್ಲಿದ್ದವು. ಕ್ಯಾಂಪಸ್ಸಿನ ಕಟ್ಟಡ ವಿಭಾಗದವರು ಆ ಲಾಟಿನಲ್ಲಿ ಐದು ಅಂತಸ್ತಿನ ಪಾರ್ಕಿಂಗ್ ಗ್ಯಾರೇಜ್ ಕಟ್ಟುವವರಿದ್ದರು. ಅಡಿಪಾಯ ತೋಡುವ ಮುಂಚೆ, ಕೆಳಗೆ ಸಮಾಧಿಗಳಿಲ್ಲ ಎಂಬ ಕಾಗದ ಅವರಿಗೆ ಬೇಕಿತ್ತು. ಸಮಾಧಿಯ ಮಾತು ಎಲ್ಲಿಂದ ಬಂತು ಎಂದು ನನ್ನ ಪ್ರೊಫೆಸರನ್ನು ಕೇಳಿದೆ.

"ಹಳೇ ಕಥೆ. ಪ್ರತಿ ಫೆಬ್ರವರಿಗೂ ಏಳುತ್ತೆ," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿದ್ದ ಕಥೆ ಅದು. ಗುಲಾಮಗಿರಿಯಿಂದ ಬಿಡುಗಡೆಯಾದ ಕೆಲವು ಕಪ್ಪು ಕುಟುಂಬಗಳು ಅಲ್ಲಿ ಭೂಮಿ ಕೊಂಡು ಊರು ಕಟ್ಟಿಕೊಂಡಿದ್ದವು. ಒಂದು ಚರ್ಚು, ಒಂದು ಶಾಲೆ, ಚರ್ಚಿನ ಹಿಂದೆ ಸ್ಮಶಾನ. ನಮ್ಮ ಅಪ್ಪಂದಿರ ಕಾಲದಲ್ಲಿ ವಿಶ್ವವಿದ್ಯಾಲಯ ದೊಡ್ಡದಾಗಬೇಕಾಯಿತು. ಕಾನೂನಿನ ಬಲದಿಂದ ಇಡೀ ಊರನ್ನು ಸ್ವಾಧೀನಪಡಿಸಿಕೊಂಡಿತು. ಜನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಿಗೆ ಚದುರಿಹೋದರು. ಆದರೆ ಕಪ್ಪು ಜನರ ಇತಿಹಾಸದ ತಿಂಗಳೆಂದು ಇಲ್ಲಿ ಆಚರಿಸುವ ಫೆಬ್ರವರಿಯ ಒಂದು ಶನಿವಾರ ಅವರು, ಅವರ ಮಕ್ಕಳು ಮೊಮ್ಮಕ್ಕಳು ತಪ್ಪದೆ ಬರುತ್ತಿದ್ದರು. ಕಪ್ಪು ವಿದ್ಯಾರ್ಥಿಗಳ ಸಂಘದವರು ಡೋಲು ಬಾರಿಸಿಕೊಂಡು ಅವರನ್ನು ಲಾಟಿನವರೆಗೆ ಮೆರವಣಿಗೆಯಲ್ಲಿ ಕರೆತರುತ್ತಿದ್ದರು. ಅಲ್ಲಿ ಹಾಡು, ಕುಣಿತ, ಊಟ. ಮೊದಲೆಲ್ಲ ಟೆಂಟು, ಕುರ್ಚಿ, ಮೈಕುಗಳನ್ನು ವಿಶ್ವವಿದ್ಯಾಲಯವೇ ಕೊಡುತ್ತಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳು ಯಾವುದೇ ಜನಾಂಗಕ್ಕೆಂದು ಪ್ರತ್ಯೇಕ ಕಚೇರಿ, ಕಾರ್ಯಕ್ರಮ ನಡೆಸಬಾರದೆಂದು ರಾಜ್ಯದ ಹೊಸ ಕಾನೂನು ಬಂದ ಮೇಲೆ ಅದನ್ನು ನೋಡಿಕೊಳ್ಳುತ್ತಿದ್ದ ಕಚೇರಿಗೆ ಬೀಗ ಬಿತ್ತು. ಈ ವರ್ಷ ಲಾಟನ್ನೂ ಕೊಡುವುದಿಲ್ಲ ಎಂದು ಸಂಘಕ್ಕೆ ಉತ್ತರ ಬಂದಿತ್ತು: ಅದು ನಿರ್ಮಾಣದ ಜಾಗ, ನಾನು ವರದಿ ಕೊಟ್ಟ ಕೂಡಲೇ ಬೇಲಿ ಏಳುತ್ತದೆ.

ಇದನ್ನೆಲ್ಲ ನಾನು ಕೇಳಿಸಿಕೊಂಡೆ, ಗಾಡಿಯ ಬ್ಯಾಟರಿ ಚಾರ್ಜ್ ಮಾಡಿಕೊಂಡು ಹೊರಟೆ. ಅದು ನನ್ನ ಜಗಳವೆಂದು ನನಗೆ ಆಗ ಅನ್ನಿಸಿರಲಿಲ್ಲ.

ನಮ್ಮ ರಾಡಾರ್ ಎಂದರೆ ಮೂರು ಗಾಲಿಯ ಒಂದು ತಳ್ಳುಗಾಡಿ. ಹೊಟ್ಟೆಯ ಕೆಳಗೆ ಆಂಟೆನಾ, ಹಿಡಿಯ ಮೇಲೆ ಪರದೆ. ಡಾಂಬರಿನ ಮೇಲೆ ಅರ್ಧ ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಪ್ರತಿ ಗೆರೆಯ ಮೇಲೂ ಒಂದೇ ವೇಗದಲ್ಲಿ ನಡೆಯಬೇಕು. ಆಂಟೆನಾ ನೆಲದೊಳಗೆ ರೇಡಿಯೋ ಅಲೆ ಕಳಿಸುತ್ತದೆ; ಏನಕ್ಕಾದರೂ ತಾಗಿ ಮರಳಿದ ಅಲೆ ಪರದೆಯ ಮೇಲೆ ಕಮಾನಿನಂತೆ ಮೂಡುತ್ತದೆ. ಒಣ ಮರಳಿನಲ್ಲಿ ಎರಡು ಮೂರು ಮೀಟರ್ ಆಳ ಕಾಣುತ್ತದೆ. ಹಸಿ ಜೇಡಿಯಲ್ಲಿ ಮಾತ್ರ ಅಲೆ ಹುಟ್ಟಿದಲ್ಲೇ ಸಾಯುತ್ತದೆ.

ಆ ವಾರಕ್ಕೆ ಮುಂಚೆ ಎಡೆಬಿಡದೆ ಮಳೆಯಾಗಿತ್ತು. ಲಾಟಿನ ನಡುವೆ ಮರ ನೆಡಲು ಬಿಟ್ಟ ಮಣ್ಣಿನ ಪಟ್ಟಿಗೆ ಕಾಲಿಟ್ಟೆ. ಬೂಟಿನ ತುಂಬ ಕಪ್ಪು ಮಣ್ಣು ಮೆತ್ತಿಕೊಂಡಿತು. ಬೆರಳಲ್ಲಿ ತೆಗೆದು ಹಿಸುಕಿ ನೋಡಿದೆ. ಎರೆ ಮಣ್ಣು. ನಮ್ಮ ರೋಣದ ಕಡೆಯ ಹೊಲದ ಮಣ್ಣಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಮಳೆಗಾಲದಲ್ಲಿ ಎತ್ತಿನ ಕಾಲು ಹಿಡಿದುಕೊಳ್ಳುವ ಮಣ್ಣು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು.

ಮೊದಲ ದಿನವೇ ಅನುಮಾನ ಬಂತು. ಡಾಂಬರು, ಅದರ ಕೆಳಗಿನ ಜಲ್ಲಿ, ಇವು ಪರದೆಯ ಮೇಲೆ ಚೊಕ್ಕವಾಗಿ ಕಂಡವು. ಮೊಣಕಾಲಿನಷ್ಟು ಆಳ ದಾಟುತ್ತಲೇ ಬರೀ ಬೂದು. ಕಟ್ಟಡ ವಿಭಾಗದ ನಕ್ಷೆಯಲ್ಲಿ ಲಾಟನ್ನು ಅಡ್ಡ ಹಾಯುವ ಮಳೆನೀರಿನ ಕಾಂಕ್ರೀಟ್ ಕೊಳವೆಯೊಂದಿತ್ತು. ಒಂದು ಮೀಟರ್ ಆಳ, ಎರಡು ಕೈಯಲ್ಲಿ ತಬ್ಬುವಷ್ಟು ದಪ್ಪ. ಅದರ ಮೇಲೆ ಆರು ಸಲ ಗಾಡಿ ತಳ್ಳಿದೆ. ಆ ಕೊಳವೆ ಕೂಡ ಕಾಣಲಿಲ್ಲ.

ಎರಡನೇ ದಿನ ಮಧ್ಯಾಹ್ನ ಲಾಟಿನ ಅಂಚಿನಲ್ಲಿ ಇಬ್ಬರು ಬಂದು ನಿಂತರು. ಒಬ್ಬಳು ವಿದ್ಯಾರ್ಥಿ ಸಂಘದ ಅಧ್ಯಕ್ಷೆ, ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ಎತ್ತರದ ಹುಡುಗಿ. ಇನ್ನೊಬ್ಬರು ಎಂಬತ್ತು ದಾಟಿದ ಮಹಿಳೆ, ಹ್ಯೂಸ್ಟನ್ನಿನಲ್ಲಿ ನಲವತ್ತು ವರ್ಷ ಮೂರನೇ ಕ್ಲಾಸಿಗೆ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅದು ಹುಲ್ಲು ಕತ್ತರಿಸೋ ಮೆಷಿನ್ ಅಲ್ಲ ಅಲ್ವಾ?"

"ಅಲ್ಲ ಮೇಡಮ್. ನೆಲದೊಳಗೆ ನೋಡುತ್ತೆ."

"ಏನು ಕಾಣ್ತು?"

ಕೆಲಸದ ವಿವರ ಹೊರಗಿನವರಿಗೆ ಹೇಳಬಾರದು. ಆದರೂ ಆ ಸ್ವರಕ್ಕೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. "ಇನ್ನೂ ಏನೂ ಇಲ್ಲ," ಎಂದೆ.

ಅವರು ಮಣ್ಣಿನ ಪಟ್ಟಿಯ ಕಡೆ ಕೋಲು ಚಾಚಿದರು. ಅಲ್ಲಿ ಹುಲ್ಲಿನ ನಡುವೆ ಅಲ್ಲಲ್ಲಿ ಬಿಳಿ ಐರಿಸ್ ಹೂಗಳು ಅರಳಿದ್ದವು. ನಾನು ಎರಡು ದಿನ ಅವುಗಳನ್ನು ದಾಟಿಕೊಂಡೇ ಓಡಾಡಿದ್ದೆ. "ಆ ಗಡ್ಡೆ ನೆಟ್ಟಿದ್ದು ಈ ಕ್ಯಾಂಪಸ್ಸಿನ ಮಾಲಿಗಳಲ್ಲ. ನಮ್ಮೋರು. ಸಮಾಧಿ ತಲೇಲಿ ನೆಡೋ ಹೂವು ಅದು. ಕಲ್ಲಿಡೋಕೆ ಆಗದೋರು ಹೂ ನೆಡ್ತಿದ್ದರು. ಕಲ್ಲಿದ್ದ ಸಮಾಧಿಗಳನ್ನ ಇವರು ಬೇರೆ ಕಡೆ ಸಾಗಿಸಿದರು, ಅದು ನಿಜ. ಹೂವಿದ್ದವುಗಳನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ನನ್ನ ಅಜ್ಜಿ ಇಲ್ಲೇ ಇದ್ದಾಳೆ. ನನ್ನ ತಮ್ಮನೂ. ಅವನಿಗೆ ಹೆಸರಿಡೋ ಮುಂಚೇನೇ ಹೋದ. ಅಪ್ಪ ಅವನನ್ನ ಎತ್ಕೊಂಡು ಬಂದಾಗ ನನಗೆ ಏಳು ವರ್ಷ, ಗುದ್ದಲಿ ಹಿಡ್ಕೊಂಡು ಹಿಂದೆ ಬಂದೋಳು ನಾನು."

ಅಧ್ಯಕ್ಷೆ ನನ್ನನ್ನೇ ನೋಡುತ್ತಿದ್ದಳು. "ನಿಮ್ಮ ವರದೀಲಿ ಏನಂತ ಬರೀತೀರಿ?"

"ಕಂಡಿದ್ದನ್ನ ಬರೀತೀನಿ," ಎಂದೆ. ಆ ಉತ್ತರ ನನಗೇ ಸಾಲಲಿಲ್ಲ.

ನಾಲ್ಕನೇ ದಿನ ಕಟ್ಟಡ ವಿಭಾಗದ ಮ್ಯಾನೇಜರ್ ನನ್ನ ಕೆಲಸ ಹಗುರ ಮಾಡಲೆಂದು ವರದಿಯ ಕರಡನ್ನು ಅವರೇ ಬರೆದು ಕಳಿಸಿದ್ದರು. ಕೊನೆಯ ಸಾಲು ಹೀಗಿತ್ತು: "ಈ ಜಾಗದಲ್ಲಿ ಯಾವುದೇ ಸಮಾಧಿಗಳಿಲ್ಲ." ಪ್ರೊಫೆಸರರ ಕೋಣೆಯಲ್ಲಿ ಮೂವರೂ ಕುಳಿತೆವು. ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಕೈಯಲ್ಲಿ ಕ್ಯಾಲೆಂಡರ್ ಹಿಡಿದ ಮನುಷ್ಯ.

"ಈ ಸಾಲಿಗೆ ನಾನು ಸಹಿ ಹಾಕೋಕಾಗಲ್ಲ," ಎಂದೆ. "ನನಗೆ ಸಮಾಧಿ ಕಾಣಲಿಲ್ಲ ಅಂತ ಬರೀಬಹುದು. ಇಲ್ಲ ಅಂತ ಬರೆಯೋಕಾಗಲ್ಲ."

"ಎರಡೂ ಒಂದೇ ತಾನೇ?"

ನಾನು ಲ್ಯಾಪ್‌ಟಾಪ್ ತಿರುಗಿಸಿ ಕೊಳವೆಯ ಮೇಲಿನ ಗೆರೆ ತೋರಿಸಿದೆ. "ಇಲ್ಲಿ ನಿಮ್ಮದೇ ನಕ್ಷೆ ಪ್ರಕಾರ ದೊಡ್ಡ ಕೊಳವೆ ಇದೆ. ರಾಡಾರಿಗೆ ಅದು ಕಾಣಿಸಿಲ್ಲ. ಹಸಿ ಎರೆ ಮಣ್ಣಲ್ಲಿ ಇದು ಕುರುಡು. ಸಮಾಧಿ ಇಲ್ಲ ಅಂತ ಬರೀಬೇಕು ಅಂದ್ರೆ, ಕೊಳವೆಯೂ ಇಲ್ಲ ಅಂತ ಬರೀಬೇಕು. ಹಾಗೆ ಬರೆದು ಸಹಿ ಹಾಕಿದ ಕಾಗದ ಇಟ್ಕೊಂಡು ನೀವು ಗುಂಡಿ ತೋಡ್ತೀರಾ?"

ಮ್ಯಾನೇಜರ್ ಕರಡನ್ನು ಫೈಲಿಗೆ ಸೇರಿಸಿಕೊಂಡು ಎದ್ದು ಹೋದರು. ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: "ವಿಜ್ಞಾನ ನಿನ್ನ ಕಡೆ ಇದೆ, ಒಪ್ಕೋತೀನಿ. ಆದರೆ ಆಗಸ್ಟಿನಲ್ಲಿ ನಿನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಅದನ್ನ ರಿನ್ಯೂ ಮಾಡೋದು ನಾನೊಬ್ಬನೇ ಅಲ್ಲ. ಮುಂದಿನ ಶುಕ್ರವಾರದೊಳಗೆ ಏನಾದರೂ ಒಂದು ಕೊಡು."

ಆ ಭಾನುವಾರ ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಊಟಕ್ಕೆ ಹೋದೆ. ಮೈಸೂರಿನ ಅಂಕಲ್, ಆಂಟಿ ನಾನು ಟೆಕ್ಸಸ್ಸಿಗೆ ಬಂದಾಗಿನಿಂದ ನನ್ನನ್ನು ಮನೆಮಗಳಂತೆ ನೋಡಿಕೊಂಡವರು. ಅವರ ಮನೆಯಲ್ಲಿ ನನಗೆಂದೇ ಈದಿಗೆ ಶಾವಿಗೆ ಪಾಯಸವಾಗುತ್ತಿತ್ತು. ಬಿಸಿಬೇಳೆಬಾತ್ ಬಡಿಸುತ್ತ ಆಂಟಿ ಮುಖ ಯಾಕೆ ಸಪ್ಪಗಿದೆ ಎಂದರು. ಹೇಳಿದೆ.

ಅಂಕಲ್ ತುತ್ತು ಕೆಳಗಿಟ್ಟರು. "ನೋಡಮ್ಮ, ಇದು ಅವರವರ ನಡುವಿನ ವಿಷಯ. ನಮಗ್ಯಾಕೆ? ನಿನ್ನ ವೀಸಾ ಇರೋದು ಆ ಯೂನಿವರ್ಸಿಟಿ ಕೈಲಿ. ಕೆಲಸ ಹೋದ್ರೆ ಅರವತ್ತೇ ದಿನ, ಅಷ್ಟರಲ್ಲಿ ಇನ್ನೊಂದು ಸಿಗದಿದ್ರೆ ದೇಶ ಬಿಡಬೇಕು. ಸೈನ್ ಮಾಡಿ ಕೈ ತೊಳ್ಕೋ."

"ಸೈನ್ ಮಾಡಿದ್ರ ಆ ಮಾತು ನಂದಾಗ್ತದರಿ ಅಂಕಲ್. ಅವರದಾಗಂಗಿಲ್ಲ."

"ನಿನ್ನೊಬ್ಬಳಿಂದ ಏನು ಬದಲಾಗುತ್ತೆ?"

"ಸಹಿ ಬೇಕಾಗಿರೋದು ಅವಳೊಬ್ಬಳದೇ ಅಲ್ವಾ?" ಎಂದರು ಆಂಟಿ, ಅಡುಗೆಮನೆಯಿಂದಲೇ.

ಅಂಕಲ್ ಮತ್ತೆ ತುತ್ತು ಎತ್ತಿಕೊಂಡರು. ನಾನು ವಾಪಸ್ ಡ್ರೈವ್ ಮಾಡುವಾಗ ನಿಜಕ್ಕೂ ಹೆದರಿದ್ದೆ. ಮನೆಯಲ್ಲಿ ತಂಗಿಯ ಓದು ಇನ್ನೂ ಮುಗಿದಿರಲಿಲ್ಲ. ಅರವತ್ತು ದಿನಗಳಲ್ಲಿ ಇನ್ನೊಂದು ಕೆಲಸ ಹುಡುಕುವುದೆಂದರೇನು ಎಂದು ನನ್ನ ಜೊತೆಯವರನ್ನು ನೋಡಿ ತಿಳಿದಿದ್ದೆ. ಸಹಿ ಹಾಕದೆ ಸುಮ್ಮನೆ ಕೂತರೂ ಉಪಯೋಗವಿರಲಿಲ್ಲ. ಅವರು ಬೇರೆ ಯಾರಿಂದಲೋ ಹಾಕಿಸುತ್ತಾರೆ. ಇಲ್ಲ ಎನ್ನುವುದನ್ನು ತಡೆಯಬೇಕಾದರೆ ಇದೆ ಎಂದು ತೋರಿಸಬೇಕಿತ್ತು.

ದಾರಿ ಸಿಕ್ಕಿದ್ದು ಸೋಮವಾರ, ನಾನು ಎದುರುನೋಡದ ಕಡೆಯಿಂದ. ಸೀಮೆಸುಣ್ಣದ ಗುರುತುಗಳನ್ನು ಅಳಿಸಲು ಹೋಗಿದ್ದಾಗ ಕ್ಯಾಂಪಸ್ಸಿನ ರಸ್ತೆ ರಿಪೇರಿ ತಂಡದ ಮೇಸ್ತ್ರಿ ಟ್ರಕ್ಕು ನಿಲ್ಲಿಸಿದರು. ನರೆತ ಗಡ್ಡದ, ಬೆನ್ನು ನೆಟ್ಟಗಿದ್ದ ಕಪ್ಪು ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಡಾಂಬರು ಹಾಕುತ್ತಿದ್ದವರು.

"ನಿಮ್ಮ ಮೆಷಿನ್ನಿಗೆ ಏನೂ ಸಿಗಲಿಲ್ವಂತೆ?"

"ಮಣ್ಣು ಒದ್ದೆ," ಎಂದೆ.

ಅವರು ಕೆಳಗಿಳಿದು ಬೂಟಿನ ತುದಿಯಿಂದ ಡಾಂಬರನ್ನು ತಟ್ಟಿದರು. ಹಳೆಯ ಡಾಂಬರಿನ ಮೇಲೆ ಹೊಸದರ ಒಂದು ತೇಪೆ. ಅದರಾಚೆ ಇನ್ನೊಂದು, ಮತ್ತೊಂದು. "ಈ ತೇಪೆಗಳನ್ನ ನೋಡಿ. ಪ್ರತಿ ಆಗಸ್ಟಲ್ಲಿ ಮಣ್ಣು ಒಣಗಿದ ಮೇಲೆ ಇಲ್ಲಿ ಕುಸಿಯುತ್ತೆ. ತುಂಬಿಸ್ತೀವಿ. ಮುಂದಿನ ವರ್ಷ ಅದೇ ಜಾಗ, ಮತ್ತೆ. ಬೇರೆ ಲಾಟುಗಳಲ್ಲೂ ಕುಸಿಯುತ್ತೆ, ಆದರೆ ಎಲ್ಲೆಂದರಲ್ಲಿ. ಇಲ್ಲಿ ಮಾತ್ರ ಸಾಲಾಗಿ. ನನ್ನ ವರ್ಕ್ ಆರ್ಡರ್‌ಗಳಲ್ಲೆಲ್ಲ ಬರೆದಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ನಮ್ಮೂರ ಖಬರಸ್ತಾನದಲ್ಲಿ ಹೊಸ ಗೋರಿ ಮೊದಲ ಮಳೆ ಕಳೆಯುವಷ್ಟರಲ್ಲಿ ಕುಸಿಯುತ್ತದೆ. ಅಬ್ಬಾ ಬುಟ್ಟಿಯಲ್ಲಿ ಗರಸು ಹೊತ್ತು ತಂದು ತುಂಬುತ್ತಿದ್ದರು. ಮರುವರ್ಷ ಮತ್ತೆ ಕುಸಿಯುತ್ತಿತ್ತು; ಒಮ್ಮೆ ತೋಡಿ ಮುಚ್ಚಿದ ಎರೆ ಮತ್ತೆಂದೂ ಮೊದಲಿನಂತೆ ಕೂರುವುದಿಲ್ಲ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಟೇಪು ತಂದು ಮೇಸ್ತ್ರಿಯೂ ನಾನೂ ತೇಪೆಗಳನ್ನು ಅಳೆದೆವು. ಉದ್ದವೆಲ್ಲ ಪೂರ್ವ ಪಶ್ಚಿಮವಾಗಿತ್ತು, ಕ್ರೈಸ್ತರು ಸಮಾಧಿ ತೋಡುವ ದಿಕ್ಕಿನಲ್ಲೇ. ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ.

ರಾಡಾರ್ ಸೋತಲ್ಲಿ ಗೆಲ್ಲಬಹುದಾದ ಇನ್ನೊಂದು ವಿಧಾನವಿತ್ತು. ಉಕ್ಕಿನ ಸರಳುಗಳನ್ನು ಮಣ್ಣಿಗೆ ಹೊಡೆದು, ಸಣ್ಣ ಕರೆಂಟು ಹಾಯಿಸಿ, ಮಣ್ಣು ಅದಕ್ಕೆ ಎಷ್ಟು ಅಡ್ಡಿ ಮಾಡುತ್ತದೆ ಎಂದು ಅಳೆಯುವುದು. ಆ ಊರಿನ ಎರೆಯ ಕೆಳಗೆ, ಸೊಂಟದಷ್ಟು ಆಳದಲ್ಲೇ, ಬಿಳಿ ಸುಣ್ಣದ ಪದರವಿದೆ. ಎರೆಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಸುಣ್ಣದಲ್ಲಿ ಕಷ್ಟಪಟ್ಟು. ಯಾರಾದರೂ ಆ ಬಿಳಿ ಪದರವನ್ನು ತೂತು ಮಾಡಿ ಮತ್ತೆ ಕಪ್ಪು ಮಣ್ಣು ತುಂಬಿದ್ದರೆ ಅದು ಅಡಗಿರಲು ಸಾಧ್ಯವಿಲ್ಲ. ಇದಕ್ಕೆ ಮಣ್ಣು ಹಸಿಯಾಗಿದ್ದಷ್ಟೂ ಒಳ್ಳೆಯದು. ಆದರೆ ಡಾಂಬರಿಗೆ ಸರಳು ಹೊಡೆಯಲಾಗದು. ಉಳಿದಿದ್ದು ಮರದ ಸಾಲಿನ ಮಣ್ಣಿನ ಪಟ್ಟಿ. ಅದು ತೇಪೆಗಳ ಸಾಲನ್ನು ಸರಿಯಾಗಿ ನಡುವೆ ಕತ್ತರಿಸಿ ಹೋಗುತ್ತಿತ್ತು.

ಎರಡನೇ ಸರ್ವೆಗೆ ಅನುಮತಿ ಕೇಳಿದೆ. ಅಗತ್ಯವಿಲ್ಲ ಎಂದು ಕಟ್ಟಡ ವಿಭಾಗದಿಂದ ಒಂದೇ ಸಾಲಿನ ಉತ್ತರ ಬಂತು.

ಆಗ ನಾನು ಎಲ್ಲರೂ ಹೆದರುತ್ತಿದ್ದ ಆ ಹೊಸ ಕಾನೂನನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ಪಾಠಕ್ಕೆ, ಸಂಶೋಧನೆಗೆ, ವಿದ್ಯಾರ್ಥಿ ಸಂಘಗಳ ಚಟುವಟಿಕೆಗೆ ಇದು ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಸ್ಪಷ್ಟವಾಗಿ ಬರೆದಿತ್ತು. ಶನಿವಾರಗಳಂದು ಒಂಬತ್ತು ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿ ನಡೆಸುವುದು ನನ್ನ ಕೆಲಸ. ಎಲ್ಲಿ ನಡೆಸಬೇಕೆಂದು ಆರಿಸುವವಳೂ ನಾನೇ. ಅಧ್ಯಕ್ಷೆಗೆ ಫೋನ್ ಮಾಡಿದೆ.

"ಲಾಟ್ ಕೊಡಲ್ಲ ಅಂದ್ರಲ್ಲ, ನೀವು ಈ ಶನಿವಾರ ಏನು ಮಾಡ್ತೀರಿ?"

"ನಡ್ಕೊಂಡು ಬರ್ತೀವಿ," ಎಂದಳು. "ನಡೆಯೋಕೆ ಯಾರ ಅಪ್ಪಣೆ ಬೇಕು? ಬೇಲಿ ಇದ್ದರೆ ಬೇಲಿ ಹತ್ರ ಹಾಡ್ತೀವಿ."

"ಬೇಲಿ ಇರಲ್ಲ. ನಾನಿನ್ನೂ ವರದಿ ಕೊಟ್ಟಿಲ್ಲ. ನನ್ನ ಕ್ಲಾಸ್ ಅಲ್ಲೇ ಇರುತ್ತೆ."

ಶುಕ್ರವಾರ ಪ್ರೊಫೆಸರರ ಗಡುವು ಮುಗಿಯಿತು. ವರದಿಯ ಬದಲು ಎರಡು ಸಾಲು ಕಳಿಸಿದೆ: ರಾಡಾರ್ ಈ ಮಣ್ಣಿನಲ್ಲಿ ಕೆಲಸ ಮಾಡಲಿಲ್ಲ; ನಾಳೆ ತರಗತಿಯಲ್ಲಿ ಇನ್ನೊಂದು ವಿಧಾನ ಬಳಸುತ್ತೇನೆ. ಅವರು ಬೇಡವೆನ್ನಲಿಲ್ಲ, ಸರಿ ಎನ್ನಲೂ ಇಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಪಟ್ಟಿಯುದ್ದಕ್ಕೂ ಹಗ್ಗ ಎಳೆದೆವು. ಅಡಿಗೊಂದರಂತೆ ಐವತ್ತಾರು ಸರಳು, ಪ್ರತಿಯೊಂದೂ ಒಂಬತ್ತು ಇಂಚು ಒಳಕ್ಕೆ, ಐರಿಸ್ ಗಡ್ಡೆಗಳಿಗೆ ತಾಗದಂತೆ. ಅಡಿಯಲ್ಲಿ ಗ್ಯಾಸು, ಕರೆಂಟಿನ ಲೈನುಗಳಿಲ್ಲ ಎಂಬ ಕಾಗದ ಜೇಬಿನಲ್ಲಿತ್ತು. ಹತ್ತೂವರೆಗೆ ದೂರದಿಂದ ಡೋಲು ಕೇಳಿಸಿತು. ಮೊದಲು ಡೋಲಿನವರು, ಹಿಂದೆ ಕೆಂಪು ಅಂಗಿಯ ಕುಣಿತದ ತಂಡ, ಕೈಯಿಂದ ತೊಡೆ ತಟ್ಟುತ್ತ ಕಾಲಿನಿಂದ ಡಾಂಬರನ್ನು ಬಡಿಯುತ್ತ. ಅವರ ಹಿಂದೆ ಭಾನುವಾರದ ಚರ್ಚಿಗೆ ಹೋಗುವಂತೆ ದೊಡ್ಡ ಹ್ಯಾಟು ತೊಟ್ಟ ಅಜ್ಜಿಯರು, ಗಾಲಿಕುರ್ಚಿಯಲ್ಲಿ ಕೂತ ಹಿರಿಯರು, ಹೆಗಲ ಮೇಲೆ ಮಕ್ಕಳು. ಯಾರೋ ಕರಿದ ಮೀನಿನ ತಟ್ಟೆಗಳನ್ನು ಟ್ರಕ್ಕಿನ ಹಿಂಭಾಗದಲ್ಲಿ ಜೋಡಿಸತೊಡಗಿದರು. ಕುರ್ಚಿಗಳನ್ನು ಅವರವರೇ ತಂದಿದ್ದರು. ವಿಶ್ವವಿದ್ಯಾಲಯದ ಒಂದು ಟೇಬಲ್ ಕೂಡ ಇರಲಿಲ್ಲ, ಯಾರಿಗೂ ಅದರ ಕೊರತೆಯಿರಲಿಲ್ಲ.

ಅಳತೆ ಶುರು ಮಾಡುವ ಮುಂಚೆ ಪ್ರತಿ ಸರಳಿಗೂ ಮಣ್ಣಿನ ಜೊತೆ ಸಂಪರ್ಕ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಅರ್ಧಕ್ಕರ್ಧ ಸರಳುಗಳು ಕೈಕೊಟ್ಟವು. ಮೇಲ್ಪದರದಲ್ಲಿ ಹಳೆಯ ಜಲ್ಲಿ ಬೆರೆತಿತ್ತು. ನನ್ನ ವಿದ್ಯಾರ್ಥಿಗಳಿಗೆ ಉಪ್ಪುನೀರಿನ ಕ್ಯಾನ್ ತರಲು ಹೇಳಿದೆ. ಟೀಚರ್ ಕುರ್ಚಿಯಿಂದಲೇ ಇದನ್ನೆಲ್ಲ ಗಮನಿಸುತ್ತಿದ್ದರು.

"ಆ ನೀರು ಯಾಕೆ?"

"ಸರಳಿನ ಬುಡಕ್ಕೆ ಸುರಿಯೋಕೆ. ಸರಳಿಗೂ ಮಣ್ಣಿಗೂ ಸಂಪರ್ಕ ಸಿಗಲಿ ಅಂತ."

ಅವರು ನಗಲಿಲ್ಲ. "ನಾವೂ ಅದಕ್ಕೇ ಸುರಿಯೋದು," ಎಂದರು. ಪ್ರತಿ ವರ್ಷ ಈ ಆಚರಣೆಯಲ್ಲಿ ಗತಿಸಿದವರ ಹೆಸರು ಕೂಗಿ ನೆಲಕ್ಕೆ ನೀರೆರೆಯುವುದು ಅವರ ಪದ್ಧತಿ. "ನಿನ್ನ ಕ್ಯಾನ್ ನಮಗೆ ಕೊಡು."

ನಾನು ಕೊಟ್ಟೆ. ಐವತ್ತಾರು ಸರಳಿಗೆ ಐವತ್ತಾರು ಜನ ಸಾಲಾಗಿ ನಿಂತರು. ಟೀಚರ್ ಮೊದಲು ಎದ್ದು, ನಿಧಾನವಾಗಿ ಬಾಗಿ, ನೀರು ಸುರಿದು ಅಜ್ಜಿಯ ಹೆಸರು ಹೇಳಿದರು. ಜನ ಒಂದೇ ದನಿಯಲ್ಲಿ ಓಗೊಟ್ಟರು. ಮುಂದಿನವರು ಇನ್ನೊಂದು ಹೆಸರು. ಮೇಸ್ತ್ರಿ ಒಂದು ಹೆಸರು ಹೇಳಿದರು; ಅವರೂ ಈ ಊರಿನವರೆಂದು ನನಗೆ ಆಗಲೇ ಗೊತ್ತಾಗಿದ್ದು. ನಾನು ಪರದೆ ನೋಡುತ್ತ ಒಂದೊಂದೇ ಸರಳನ್ನು ಮತ್ತೆ ಪರೀಕ್ಷಿಸುತ್ತಿದ್ದೆ. ಇಪ್ಪತ್ತೆಂಟನೆಯದು ಮೊಂಡು ಹಿಡಿದಿತ್ತು. ಟೀಚರ್ ಮತ್ತೆ ಬಂದರು. "ನನ್ನ ತಮ್ಮ," ಎಂದಷ್ಟೇ ಹೇಳಿ ಸುರಿದರು. ಪರದೆಯ ಮೇಲೆ ಅಡ್ಡಿಯ ಅಂಕಿ ಸರ್ರನೆ ಇಳಿಯಿತು. ನೀರು ಇಂಗಿದರೆ ಹಾಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ನನ್ನ ಕಣ್ಣು ಮಂಜಾಗಿ, ಪುಸ್ತಕದಲ್ಲಿ ಆ ಅಂಕಿ ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿನಿಗೆ ಹೇಳಬೇಕಾಯಿತು.

ಮ್ಯಾನೇಜರ್ ಬಂದದ್ದು ಅಳತೆ ಅರ್ಧವಾದಾಗ, ಜೊತೆಗೆ ಕ್ಯಾಂಪಸ್ ಪೊಲೀಸ್ ಒಬ್ಬರು.

"ಇದಕ್ಕೆ ಯಾರು ಅನುಮತಿ ಕೊಟ್ಟರು?"

"ಇದು ಕ್ಲಾಸು," ಎಂದೆ.

ಅವರು ಸುತ್ತಲಿನ ನೂರಾರು ಜನರನ್ನು ನೋಡಿದರು. "ಇವರೆಲ್ಲ ನಿಮ್ಮ ವಿದ್ಯಾರ್ಥಿಗಳಾ?"

"ಒಂಬತ್ತು ಜನ. ಉಳಿದವರು ಸಂಘದ ಅತಿಥಿಗಳು. ಬಯಲಲ್ಲಿ ನಿಂತು ಹಾಡ್ತಿದ್ದಾರೆ." ಕಾನೂನಿನ ಪ್ರತಿಯನ್ನು ಅವರ ಕೈಗಿಟ್ಟೆ. ಗುರುತು ಹಾಕಿದ ಸಾಲನ್ನು ಅವರು ಎರಡು ಸಲ ಓದಿದರು.

"ನೆಲ ಅಗೀತಿದ್ದೀರಾ?" ಎಂದರು ಪೊಲೀಸ್.

"ಒಂಬತ್ತು ಇಂಚು. ಹೂವಿನ ಗಿಡ ನೆಟ್ಟಷ್ಟು."

ಅಷ್ಟರಲ್ಲಿ ಅಧ್ಯಕ್ಷೆ ಬಂದು ನನ್ನ ಪಕ್ಕ ನಿಂತಳು, ಮತ್ತೆ ಮೇಸ್ತ್ರಿ, ಮತ್ತೆ ಹ್ಯಾಟಿನ ಅಜ್ಜಿಯರು. ಯಾರೂ ಕೂಗಾಡಲಿಲ್ಲ. ಡೋಲಿನವರು ಮಾತ್ರ ನಿಲ್ಲಿಸಲಿಲ್ಲ. ಪೊಲೀಸ್ ನಾನು ಜೇಬಿನಿಂದ ತೆಗೆದುಕೊಟ್ಟ ಕಾಗದ ಓದಿ, ವಾಪಸ್ ಕೊಟ್ಟು, ಮರದ ನೆರಳಿಗೆ ಹೋಗಿ ನಿಂತರು. ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಹೊರ ನಡೆದರು. ನಾನು ಕೇಬಲ್ ಪೆಟ್ಟಿಗೆಯ ಮೇಲೆ ಕುಳಿತು ಮತ್ತೆ ಪರದೆಯ ಕಡೆ ತಿರುಗಿದೆ. ಇನ್ನೂ ಅರ್ಧ ಅಳತೆ ಬಾಕಿಯಿತ್ತು.

ಭಾನುವಾರವೆಲ್ಲ ಕೂತು ಲೆಕ್ಕ ಹಾಕಿದೆ. ಕೆಟ್ಟ ಅಂಕಿಗಳನ್ನು ತೆಗೆದು, ಮೂರು ಬಗೆಯಲ್ಲಿ ಪ್ರೋಗ್ರಾಮ್ ಓಡಿಸಿದೆ. ನನಗೆ ಬೇಕಾದದ್ದನ್ನೇ ಕಾಣುತ್ತಿದ್ದೇನೆಯೇ ಎಂಬ ಭಯ. ಮೂರರಲ್ಲೂ ಒಂದೇ ಚಿತ್ರ. ಮೇಲೆ ಎರೆ, ಕೆಳಗೆ ಸುಣ್ಣದ ಪದರ, ಆ ಪದರವನ್ನು ಮೇಲಿನಿಂದ ಕೊಯ್ದು ಇಳಿದ ಕಪ್ಪು ಮಣ್ಣಿನ ಹನ್ನೊಂದು ಗುಣಿಗಳು. ಮೇಸ್ತ್ರಿಯ ತೇಪೆಗಳ ಅಳತೆಯನ್ನು ಅದರ ಮೇಲಿಟ್ಟೆ. ಒಂಬತ್ತು ತಾಳೆಯಾದವು. ಕೊಳವೆಯೂ ಕಂಡಿತು, ನಕ್ಷೆಯಲ್ಲಿದ್ದ ಜಾಗದಲ್ಲೇ.

ಸೋಮವಾರ ಪ್ರೊಫೆಸರ್ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಇದನ್ನ ನಾನು ಮೇಲಿನವರಿಗೆ ಕಳಿಸ್ತೀನಿ. ಅವರು ಯೋಚನೆ ಮಾಡಲಿ."

"ಅವರು ಎಷ್ಟು ದಿನ ಯೋಚನೆ ಮಾಡ್ತಾರೆ ಸರ್?"

ಅವರು ಮತ್ತೆ ತಮ್ಮ ಕಂಪ್ಯೂಟರಿನ ಕಡೆ ತಿರುಗಿದರು. ಟೆಕ್ಸಸ್ಸಿನಲ್ಲಿ ಮರೆತುಹೋದ ಸ್ಮಶಾನ ಪತ್ತೆಯಾದರೆ, ಪತ್ತೆ ಹಚ್ಚಿದವರು ಹತ್ತು ದಿನದೊಳಗೆ ಕೌಂಟಿ ಕ್ಲರ್ಕ್ ಕಚೇರಿಗೆ, ಅಂದರೆ ಜಿಲ್ಲೆಯ ಭೂದಾಖಲೆಗಳ ಕಚೇರಿಗೆ, ನೋಟಿಸ್ ಕೊಡಬೇಕು. ಒಮ್ಮೆ ಅದು ದಾಖಲಾದರೆ ಕೋರ್ಟಿಲ್ಲದೆ ಅಲ್ಲಿ ಯಾರೂ ಅಡಿಪಾಯ ತೋಡುವಂತಿಲ್ಲ. ನೋಟಿಸ್ ಕೊಡಲು ವಿಶ್ವವಿದ್ಯಾಲಯದ ಅಪ್ಪಣೆ ಬೇಕೆಂದು ಎಲ್ಲೂ ಬರೆದಿಲ್ಲ. ನಾನು ಆ ಮಧ್ಯಾಹ್ನ ರಜೆ ಹಾಕಿದೆ.

ಟೀಚರ್ ಹ್ಯೂಸ್ಟನ್ನಿಗೆ ಮರಳಿರಲಿಲ್ಲ. ಅವರೂ ಅಧ್ಯಕ್ಷೆಯೂ ಕಚೇರಿಯ ಮೆಟ್ಟಿಲ ಬಳಿ ಕಾಯುತ್ತಿದ್ದರು. ಕೌಂಟರಿನ ಗುಮಾಸ್ತೆ ಅರ್ಜಿಯ ಮೇಲೆ ಬೆರಳಿಟ್ಟು, "ಪತ್ತೆ ಹಚ್ಚಿದವರ ಹೆಸರು?" ಎಂದಳು.

"ಪತ್ತೆ ಹಚ್ಚಿದವರು ಅಂದ್ರೆ?" ಎಂದರು ಟೀಚರ್. "ನಮ್ಮೋರು ಎಲ್ಲಿದ್ದಾರೆ ಅಂತ ನಮಗೆ ಯಾವಾಗಲೂ ಗೊತ್ತಿತ್ತು."

"ಇಲ್ಲಿ ಒಂದು ಹೆಸರು ಬೇಕು ಮ್ಯಾಮ್."

ನಾನು ಪೆನ್ನು ತೆಗೆದೆ. ಟೀಚರ್ ನನ್ನ ಕೈ ಹಿಡಿದರು. "ನನ್ನ ಹೆಸರು ಬರಿ. ನನಗೆ ಎಂಬತ್ತೆರಡು. ನನ್ನನ್ನ ಕೆಲಸದಿಂದ ತೆಗೆಯೋರು ಯಾರೂ ಉಳಿದಿಲ್ಲ."

ಅವರು ಹೇಳುತ್ತಿದ್ದುದು ನನ್ನ ಒಳ್ಳೆಯದಕ್ಕೇ. ಆ ಕ್ಷಣ ಅವರ ಹೆಸರಷ್ಟೇ ಬರೆದು ಹೊರಬರಬಹುದಿತ್ತು. ಆದರೆ ಅವರ ನೆನಪನ್ನು ಕಥೆ ಎಂದು ಒಮ್ಮೆ ತಳ್ಳಿಹಾಕಿದ್ದರು, ಮತ್ತೆ ತಳ್ಳಿಹಾಕುತ್ತಿದ್ದರು. ಅಳತೆಯ ಹಿಂದೆ ಅಳೆದವಳ ಹೆಸರಿರಬೇಕಿತ್ತು. ಅವರ ಹೆಸರು ಮೊದಲು ಬರೆದೆ, ಕೆಳಗೆ ನನ್ನದು, ಪಕ್ಕದಲ್ಲಿ ನನ್ನ ಹುದ್ದೆ. ಚಿತ್ರಗಳನ್ನೂ ಮೇಸ್ತ್ರಿ ತಂದುಕೊಟ್ಟ ವರ್ಕ್ ಆರ್ಡರ್‌ಗಳ ಪ್ರತಿಗಳನ್ನೂ ಲಗತ್ತಿಸಿದೆ. ಗುಮಾಸ್ತೆ ಠಸ್ಸೆ ಹೊಡೆದಳು.

ಮುಂದಿನದು ನಾನು ಹೆದರಿದ್ದಂತೆಯೂ ಆಯಿತು, ಅಲ್ಲದೆಯೂ ಆಯಿತು. ಗ್ಯಾರೇಜಿನ ಕೆಲಸ ನಿಂತಿತು. ಬೇಸಿಗೆಯಲ್ಲಿ ವಿಶ್ವವಿದ್ಯಾಲಯವೇ ಕರೆಸಿದ ಪುರಾತತ್ವದವರು ಪಟ್ಟಿಯ ಎರೆಯನ್ನು ಸುಣ್ಣದ ಪದರದವರೆಗೆ ಒಂದೊಂದೇ ಇಂಚು ಕೆರೆದರು. ಬಿಳಿ ಸುಣ್ಣದಲ್ಲಿ ಕಪ್ಪು ಆಯತಗಳು ಬರಿಗಣ್ಣಿಗೇ ಕಂಡವು, ನಾನು ಹೇಳಿದ್ದಕ್ಕಿಂತ ಮೂರು ಹೆಚ್ಚು. ಎರಡು ಬಹಳ ಚಿಕ್ಕವಿದ್ದವು. ಯಾವುದು ಯಾರದೆಂದು ಹೇಳಲು ಯಾರಿಗೂ ಆಗಲಿಲ್ಲ, ಟೀಚರಿಗೂ. ಯಾವುದನ್ನೂ ಎತ್ತಕೂಡದು, ಇದ್ದಲ್ಲೇ ಇರಲಿ ಎಂದು ವಂಶಸ್ಥರು ಕೇಳಿದರು. ಮತ್ತೆ ಮಣ್ಣು ಮುಚ್ಚಿದರು. ಆಗಸ್ಟಿನಲ್ಲಿ ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗಲಿಲ್ಲ. ಅನುದಾನದ ಕೊರತೆ ಎಂದು ಪತ್ರದಲ್ಲಿತ್ತು. ಪ್ರೊಫೆಸರ್ ನನಗಾಗಿ ಬರೆದ ಶಿಫಾರಸಿನಲ್ಲಿ, ತಮಗೆ ಧೈರ್ಯವಿಲ್ಲದಿದ್ದಾಗ ಈಕೆ ಅಳತೆಗೆ ನಿಷ್ಠಳಾಗಿದ್ದಳು ಎಂಬ ಸಾಲಿತ್ತು. ಐವತ್ತೊಂದನೇ ದಿನ ಹ್ಯೂಸ್ಟನ್ನಿನ ಕ್ಲಿಯರ್ ಲೇಕ್ ಕಡೆ ಒಂದು ಸಣ್ಣ ಸರ್ವೆ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆ ಐವತ್ತು ದಿನ ನಾನು ಹೇಗಿದ್ದೆ ಎಂದು ಬರೆಯಲು ಈಗಲೂ ಮನಸ್ಸಾಗುವುದಿಲ್ಲ.

ಮರುವರ್ಷದ ಫೆಬ್ರವರಿಗೆ ಹ್ಯೂಸ್ಟನ್ನಿನಿಂದ ಟೀಚರನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೇ ಡ್ರೈವ್ ಮಾಡಿದೆ. ಫ್ರಿಸ್ಕೋದಿಂದ ಆಂಟಿ ಬಂದಿದ್ದರು, ಅಂಕಲ್ ಬರಲಿಲ್ಲ. ಈ ಸಲ ಸಂಘಕ್ಕೆ ಲಾಟ್ ಸಿಕ್ಕಿತ್ತು, ಜೊತೆಗೊಂದು ಪತ್ರ. ಅದನ್ನು ಸಭೆಯಲ್ಲಿ ಓದಿ ಹೇಳಬೇಕೆಂಬುದೇ ಷರತ್ತು. ಅಧ್ಯಕ್ಷೆ ಮೈಕಿನ ಮುಂದೆ ನಿಂತು, ಚರ್ಚಿನಲ್ಲಿ ಪ್ರವಚನ ಕೊಡುವಂತೆ ಗಂಟಲು ಸರಿಮಾಡಿಕೊಂಡಳು.

"ಈ ಕಾರ್ಯಕ್ರಮವನ್ನು ವಿಶ್ವವಿದ್ಯಾಲಯ ಏರ್ಪಡಿಸಿರುವುದಿಲ್ಲ."

"ಇಲ್ಲ!" ಎಂದರು ಹ್ಯಾಟಿನ ಅಜ್ಜಿಯರು.

"ಇದಕ್ಕೆ ವಿಶ್ವವಿದ್ಯಾಲಯದ ಬೆಂಬಲವಿರುವುದಿಲ್ಲ."

"ಇಲ್ಲವೇ ಇಲ್ಲ!" ಎಂದಿತು ಇಡೀ ಲಾಟು.

"ಇಲ್ಲಿ ವ್ಯಕ್ತವಾಗುವ ಅಭಿಪ್ರಾಯಗಳು ವಿಶ್ವವಿದ್ಯಾಲಯದವು ಎಂದು ಯಾರೂ ತಿಳಿಯತಕ್ಕದ್ದಲ್ಲ."

"ಯಾಕೆ ತಿಳ್ಕೋತೀವಿ!" ಎಂದು ಟೀಚರ್ ಕುರ್ಚಿಯಿಂದಲೇ ಕೂಗಿದರು. "ಇವು ನಮ್ಮವು!"

ನಗು ಏಳುತ್ತಿದ್ದಂತೆ ಅಧ್ಯಕ್ಷೆ ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಡೋಲಿನವರ ಕಡೆ ಕೈ ಎತ್ತಿದಳು.